ತಿಂಡಿ ಆಯ್ತಾ?

ಅಂಕೋಲೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ ನನ್ನ ಕೆಂಪು ಪೆನ್ನಿಗೆ ಕೆಲಸ ಉಳಿದಿರಲಿಲ್ಲ. ಅಂಗಡಿಯ ಬೋರ್ಡು, ಮದುವೆಯ ಕರೆಯೋಲೆ, ಹೀಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಮನಸ್ಸಿನಲ್ಲೇ ತಿದ್ದುತ್ತ ಕೂತಿರುತ್ತಿದ್ದೆ. ಆಗ ಕಾರವಾರದಿಂದ ಒಬ್ಬ ಯುವ ವೈದ್ಯೆ ಅವರ್ಸಾ ಊರಿನ ನಮ್ಮ ಮನೆಗೆ ಬಂದಳು. ಸಕ್ಕರೆ ಕಾಯಿಲೆಯವರಿಗೆ ಊಟ, ನಡಿಗೆ, ಮಾತ್ರೆಗಳ ಬಗ್ಗೆ ದಿನಾ ವಿಚಾರಿಸಿ ಸಲಹೆ ಕೊಡುವ ಚಾಟ್‌ಬಾಟ್ ಒಂದನ್ನು ಅವಳ ತಂಡ ತಯಾರಿಸುತ್ತಿತ್ತು. ಓದಲು ಬಾರದವರಿಗೂ ಅನುಕೂಲವಾಗಲೆಂದು ಅದು ಫೋನಿನಲ್ಲಿ ಮಾತಾಡಿಯೇ ಪ್ರಶ್ನೆ ಕೇಳುತ್ತಿತ್ತು, ಮಾತಿನಲ್ಲೇ ಉತ್ತರ ಪಡೆಯುತ್ತಿತ್ತು. ಅದರ ಕನ್ನಡವನ್ನು ನಾನು ನೋಡಿಕೊಡಬೇಕಿತ್ತು.

ಅವಳು ತಂದ ಹಾಳೆಯ ಮೊದಲ ಪ್ರಶ್ನೆ, ‘ನಿಮ್ಮ ಉಪಾಹಾರ ಸೇವನೆಯಾಗಿದೆಯೇ?’ ನಾನು ನಕ್ಕುಬಿಟ್ಟೆ. ಇದನ್ನು ಕೇಳಿದರೆ ನಮ್ಮ ಕಡೆಯ ಹೆಂಗಸರು ಸರ್ಕಾರದ ನೋಟೀಸು ಬಂತೆಂದು ಹೆದರುತ್ತಾರೆ ಎಂದೆ. ಗೀಟು ಹಾಕಿ ಮೇಲೆ ‘ತಿಂಡಿ ಆಯ್ತಾ?’ ಎಂದು ಬರೆದೆ. ಎರಡೇ ಶಬ್ದ. ಅವಳು ಮೆಚ್ಚಿಕೊಂಡಳು. ನಾನೂ ಒಳಗೊಳಗೇ ಬೀಗಿದೆ.

ಪರೀಕ್ಷೆಗೆಂದು ಅದನ್ನು ನನ್ನ ಫೋನಿಗೂ ಹಾಕಿಕೊಟ್ಟಳು. ಆಮೇಲೆ ನನಗೆ ಬೇರೆ ಕೆಲಸವೇ ಬೇಡವಾಯಿತು. ಹಲಸಿನ ಹಣ್ಣಿನ ಎಷ್ಟು ತೊಳೆ ತಿನ್ನಬಹುದು, ಒಣಮೀನಿನ ಉಪ್ಪು ಎಷ್ಟು ಸಲ ತೊಳೆದರೆ ಹೋಗುತ್ತದೆ, ಎಲ್ಲ ಕೇಳಿದೆ. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಅದಕ್ಕೆ ಸಿಟ್ಟು ಬರಲಿಲ್ಲ. ನಾನಾಗಿದ್ದರೆ ಮೂರನೇ ಸಲಕ್ಕೇ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಕೊನೆಗೆ, ನಿನಗೆ ಒಂದು ವಿಷಯ ಗೊತ್ತಿಲ್ಲ ಎಂಬುದು ನಿನಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ದಯವಿಟ್ಟು ನಿಮ್ಮ ವೈದ್ಯರನ್ನು ಸಂಪರ್ಕಿಸಿ ಎಂದಿತು.

ನಮ್ಮ ಮನೆಗೆ ಬಹಳ ವರ್ಷಗಳಿಂದ ಮೀನು ತರುವ ಹೆಂಗಸಿಗೂ ಸಕ್ಕರೆ ಕಾಯಿಲೆ. ಅವಳನ್ನು ಇದಕ್ಕೆ ಸೇರಿಸಿದವಳು ನಾನೇ. ಅದು ಆಡುವ ಮಾತೆಲ್ಲ ನಾನು ಬರೆದದ್ದು ಎಂದು ಹೇಳಿಕೊಂಡೆ ಕೂಡ. ಅವಳು ತಪ್ಪದೆ ಪ್ರತಿದಿನ ಉತ್ತರ ಕೊಡುತ್ತಾಳೆ, ಎಲ್ಲರಿಗಿಂತ ಅವಳೇ ಮೇಲು ಎಂದು ವೈದ್ಯೆ ಫೋನಿನಲ್ಲಿ ಹೊಗಳಿದಳು. ನನ್ನ ವಿದ್ಯಾರ್ಥಿನಿಗೆ ರ‍್ಯಾಂಕ್ ಬಂದಷ್ಟು ಸಂತೋಷವಾಯಿತು.

ನಮ್ಮ ಮನೆಯಲ್ಲಿ ಯಾರೇ ಆಗಲಿ ಗೇಟಿನ ಬಳಿಯೇ ಚಪ್ಪಲಿ ಬಿಡಬೇಕು. ಅದು ನನ್ನ ಕಾಯಿದೆ. ಒಂದು ಬೆಳಿಗ್ಗೆ ಅವಳು ಬಂಗಡೆಯ ಬುಟ್ಟಿ ಹೊತ್ತು, ಗೇಟಿನಿಂದ ಜಗಲಿಯವರೆಗೆ ಬರಿಗಾಲಲ್ಲಿ ಕುಂಟುತ್ತ ಬಂದಳು. ಬಲಗಾಲಿನ ಕಿರುಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ದಂಡೆಯಲ್ಲಿ ಚಿಪ್ಪು ಚುಚ್ಚಿ ಎರಡು ವಾರ ಕಳೆದಿತ್ತಂತೆ. ಬಟ್ಟೆ ಬಿಚ್ಚಿಸಿ ನೋಡಿದರೆ ಬೆರಳು ಕಪ್ಪಾಗಿತ್ತು. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀಯೋ ಇಲ್ಲವೋ ಎಂದು ಗದರಿದೆ.

“ಅದೇ ಬೇಡ ಹೇಳ್ತದಲ್ಲ,” ಎಂದಳು. “ದಿನಾ ತಿಂಡಿ ಆಯ್ತಾ ಕೇಳ್ತದೆ. ನಾ ಇಲ್ಲ ಹೇಳ್ತೆ. ಹಂಗಾರೆ ಈಗ ಮಾತ್ರೆ ಬೇಡ, ತಿಂಡಿ ಆದ್ಮೇಲೆ ತಕೊಳ್ಳಿ ಹೇಳ್ತದೆ. ನಂಗೆ ಸಕ್ಕರೆ ಕಡಿಮಿ ಆಗೇದೆ ಅಂದ್ಕಂಡೆ.”

“ಮಧ್ಯಾಹ್ನದ ತನಕ ಉಪವಾಸ ಇರ್ತೀಯೇನೇ?”

“ಉಪಾಸ ಎಂತಕೆ? ಗಂಜಿ ಉಣ್ತೆ. ಗಂಜಿ ತಿಂಡಿ ಆಗ್ತದ್ಯಾ ಅಕ್ಕೋರೆ?”

ಹೌದು, ಗಂಜಿಯನ್ನು ನಮ್ಮಲ್ಲಿ ಯಾರೂ ತಿನ್ನುವುದಿಲ್ಲ, ಉಣ್ಣುತ್ತಾರೆ. ತಿಂಡಿ ಎಂದರೆ ಇಡ್ಲಿ, ಅವಲಕ್ಕಿ, ಹೋಟೆಲಿನ ಬನ್ಸು. ಚಿಕ್ಕಂದಿನಲ್ಲಿ ಗದ್ದೆಗೆ ಹೋಗುವ ಮೊದಲು ನಮ್ಮ ಮನೆಯಲ್ಲೂ ಸುಟ್ಟ ಒಣಮೀನು ಕಚ್ಚಿಕೊಂಡು ಗಂಜಿಯನ್ನೇ ಉಣ್ಣುತ್ತಿದ್ದೆವು. ಆಗ ಯಾರಾದರೂ ತಿಂಡಿ ಆಯ್ತಾ ಎಂದಿದ್ದರೆ ನಾನೂ ಇಲ್ಲ ಎನ್ನುತ್ತಿದ್ದೆ. ಸಂಬಳ ಬರತೊಡಗಿದ ಮೇಲೆ ನಮ್ಮ ಬೆಳಗಿಗೆ ಇಡ್ಲಿ ಬಂತು, ನಾನು ಗಂಜಿಯನ್ನು ಮರೆತೆ. ಉಪಾಹಾರ ಎಂಬ ಶಬ್ದವನ್ನು ಹಾಗೇ ಬಿಟ್ಟಿದ್ದರೆ ಇವಳಿಗೆ ಅರ್ಥವಾಗದೆ, ಯಾರನ್ನಾದರೂ ಕೇಳಿ ತಿಳಿದುಕೊಳ್ಳುತ್ತಿದ್ದಳೇನೋ. ನನ್ನ ಕನ್ನಡ ಚೆನ್ನಾಗಿ ಅರ್ಥವಾಗಿತ್ತು.

ಇಲ್ಲ ಅನ್ನುವ ಬದಲು ಗಂಜಿ ಉಂಡೆ ಅನ್ನಬಾರದಿತ್ತೇ ಎಂದು ಸಿಟ್ಟಿನಿಂದಲೇ ಕೇಳಿದೆ. ಆ ಸಿಟ್ಟು ಯಾರ ಮೇಲೆ ಎಂದು ನನಗೆ ಗೊತ್ತಿತ್ತು.

“ಕೇಳೂದು ನಿಮ್ಮ ಮಾತಲ್ದಾ,” ಎಂದಳು. “ಅದಕ್ಕೆ ಸುಳ್ಳು ಹೇಳೂಕೆ ಆಗ್ತದ್ಯಾ?”

ಅವತ್ತೇ ಅವಳನ್ನು ಕರೆದುಕೊಂಡು ಕಾರವಾರದ ಬಸ್ಸು ಹತ್ತಿದೆ. ಕಾಲು ಉಳಿಯಿತು, ಕಿರುಬೆರಳು ಉಳಿಯಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಅತ್ತೆ.

ಗಾಯ ಮಾಗಿದ ಮೇಲೆ ವೈದ್ಯೆ ನಮ್ಮಿಬ್ಬರನ್ನೂ ತನ್ನ ಕಚೇರಿಗೆ ಕರೆಸಿದಳು. ನನ್ನೆದುರೇ ಮೀನಿನವಳ ಕ್ಷಮೆ ಕೇಳಿದಳು. ಇನ್ನು ಮುಂದೆ ಮಾತ್ರೆ ಬೇಡ ಎನ್ನುವ ಅಧಿಕಾರ ಯಂತ್ರಕ್ಕೆ ಇರುವುದಿಲ್ಲ, ಒಬ್ಬರು ಎರಡು ದಿನ ಇಲ್ಲ ಎಂದರೂ ನರ್ಸ್ ಫೋನ್ ಮಾಡುತ್ತಾರೆ ಎಂದು ವಿವರಿಸಿದಳು. ಆಮೇಲೆ ಪ್ರಶ್ನೆಯನ್ನು ಹೇಗೆ ಬದಲಿಸೋಣ ಎಂದು ರೂಢಿಯಂತೆ ನನ್ನ ಕಡೆ ನೋಡಿದಳು. ಊಟ ಎಂದರೆ ಮಧ್ಯಾಹ್ನದ್ದಾಗುತ್ತದೆ. ಆಹಾರ ಎಂದರೆ ಮತ್ತೆ ನೋಟೀಸು. ನಾನು ತಡವರಿಸುತ್ತಿರುವಾಗ ಮೀನಿನವಳೇ ಬಾಯಿ ಹಾಕಿದಳು.

“ಹೊಟ್ಟೆಗೆ ಎಂತ ಹೋಯ್ತು ಹೇಳಿ ಕೇಳಿ. ಆಗ ಎಲ್ಲಾ ಬತ್ತದೆ, ಚಾ ಸುದ್ದಾ.” ಅಷ್ಟಕ್ಕೇ ನಿಲ್ಲಿಸಲಿಲ್ಲ, “ಮತ್ತೆ, ಇಲ್ಲ ಅಂದ್ರೆ ‘ಎಂತಕೆ’ ಹೇಳಿ ಕೇಳ್ಬೇಕಲ್ದಾ? ದಾರಿಲಿ ಹೋಗೂರೂ ಕೇಳ್ತ್ರು.”

ವೈದ್ಯೆ ಬರೆದುಕೊಂಡಳು. ಪರೀಕ್ಷೆಯಲ್ಲಿ ಯಾರಾದರೂ ಹೊಟ್ಟೆಗೆ ಎಂತ ಹೋಯ್ತು ಎಂದು ಬರೆದಿದ್ದರೆ ನಾನು ಕೆಂಪು ಗೀಟು ಎಳೆಯುತ್ತಿದ್ದೆ. ಈಗ ನಮ್ಮ ಭಾಗದ ಫೋನುಗಳಲ್ಲಿ ಬೆಳಿಗ್ಗೆ ಅದೇ ಕೇಳಿಬರುತ್ತದೆ. ಯಂತ್ರವನ್ನು ಹಲಸಿನ ತೊಳೆಯ ಲೆಕ್ಕ ಕೇಳಿದ ನಾನು, ವರ್ಷಗಳಿಂದ ಮನೆಗೆ ಬರುವವಳನ್ನು ಬೆಳಿಗ್ಗೆ ಏನು ಉಣ್ಣುತ್ತೀ ಎಂದು ಒಂದು ಸಲವೂ ಕೇಳಿರಲಿಲ್ಲವಲ್ಲ ಎಂಬುದು ಮಾತ್ರ ಈಗಲೂ ಚುಚ್ಚುತ್ತದೆ.

ಮೊನ್ನೆ ಅವಳು ಮತ್ತೆ ಬುಟ್ಟಿ ಹೊತ್ತು ಬಂದಳು. ಹಳೆಯ ರೂಢಿಯಂತೆ ಗೇಟಿನ ಬಳಿ ಬಗ್ಗಿದಾಗ, ಚಪ್ಪಲಿ ಬಿಡಬೇಡ, ಹಾಕಿಕೊಂಡೇ ಬಾ ಎಂದು ಕೂಗಿದೆ. ನಿಧಾನವಾಗಿ ನಡೆದು ಬಂದು ಜಗಲಿಯ ಮೇಲೆ ಬುಟ್ಟಿ ಇಳಿಸಿದಳು. ಮುಖದಲ್ಲಿ ನಗು ತೋರಿಸದೆ, ತಿಂಡಿ ಆಯ್ತಾ ಅಕ್ಕೋರೆ ಎಂದಳು.

ಎರಡು ಇಡ್ಲಿ ತಿಂದು ಆಗಷ್ಟೇ ಕೈ ತೊಳೆದಿದ್ದೆ. ಬೇಕೆಂದೇ, ‘ಇಲ್ಲ’ ಎಂದೆ.

“ಎಂತಕೆ?” ಎಂದು ಕೇಳಿದಳು.