ಬೋರಗಾಂವದ ಮಗ್ಗ ದಿಲ್ಲಿ ರೇಡಿಯೋದಲ್ಲಿ

ಐದೂವರೆಗೆ ಏಳುವುದು, ಆರಕ್ಕೆ ಚಹಾ, ಆರೂಕಾಲಿಗೆ ನಡಿಗೆ. ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿ ಸೀಟಿ ಊದಿ ನಿವೃತ್ತನಾದ ಮೇಲೂ ನನ್ನ ಈ ಕ್ರಮ ತಪ್ಪಿಲ್ಲ. ಒಂದೇ ಒಂದು ಬುಧವಾರ ತಪ್ಪಿತು. ಅಂದು ಬೆಳಿಗ್ಗೆ ಆರರಿಂದ ಸಂಜೆಯವರೆಗೆ ರೇಡಿಯೋ ಮುಂದೆ ಕೂತೆ. ಇನ್ನೊಮ್ಮೆ ಕೂಡುವುದಿಲ್ಲ.

ಬೋರಗಾಂವದಲ್ಲಿ ನಮ್ಮ ಮನೆಯೆದುರು ಪವರ್‌ಲೂಮ್ ಶೆಡ್ಡಿದೆ. ಅಲ್ಲಿ ನೇಯುವ ಹಿರಿಯರನ್ನು ಊರೆಲ್ಲ ಚಾಚಾ ಎನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ನಲವತ್ತು ವರ್ಷ ಮಗ್ಗಗಳ ನಡುವೆ ನಿಂತು ಅವರ ಎರಡೂ ಕಿವಿ ಹೋಗಿವೆ. ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟರೆ ಸಾಕು, ಲಾಳಿ ಸರಿಯಾಗಿ ಓಡುತ್ತಿದೆಯೋ ಇಲ್ಲವೋ ನಡುಕದಿಂದಲೇ ಹೇಳುತ್ತಾರೆ. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಾರೆ. ಅದೇ ಶೆಡ್ಡಿನಲ್ಲಿ ಅವರ ಮಗ ಮತ್ತು ಇನ್ನೂ ಆರು ಮಂದಿ ನೇಯುತ್ತಾರೆ. ಮಗನೂ ಈಚೆಗೆ ಒಂದೊಂದು ಮಾತನ್ನು ಎರಡೆರಡು ಸಲ ಹೇಳಿಸಿಕೊಳ್ಳುತ್ತಿದ್ದ. ಎಲ್ಲರ ಕಿವಿ ತಪಾಸಣೆ ಮಾಡಿಸಿ, ಕಿವಿಗೆ ಹಾಕುವ ಬಿರಡೆ ಕೊಡಿಸಿ ಎಂದು ಚಾಚಾ ಮಾಲಕನಿಗೆ ಹೇಳಿ ಹೇಳಿ ಸೋತಿದ್ದರು.

ಅಷ್ಟರಲ್ಲಿ ದಿಲ್ಲಿಯಿಂದ ರೇಡಿಯೋದವರಿಬ್ಬರು ಬಂದರು. ಹಾಡಿಲ್ಲದೆ ಬರೀ ಮಾತೇ ಇರುವ, ದೇಶಕ್ಕೆಲ್ಲ ಕೇಳಿಸುವ ಕೇಂದ್ರ ಅದು. ಬಂದವರು ಮೊದಲು ಮಾಡಿದ ಕೆಲಸವೆಂದರೆ ಮಗ್ಗ ನಿಲ್ಲಿಸಿದ್ದು. ಸದ್ದು ಧ್ವನಿಮುದ್ರಣ ಕೆಡಿಸುತ್ತದೆಯಂತೆ. ಆಮೇಲೆ ನನ್ನೆದುರೇ ಚಾಚಾ ಮುಕ್ಕಾಲು ಗಂಟೆ ತಮ್ಮ ಮನೆಮಾತಿನ ಹಿಂದಿಯಲ್ಲಿ ಕಿವಿಯ ಕಥೆಯನ್ನೇ ಹೇಳಿದರು. ಮಗ್ಗದ ಮಾಲಕ ನನ್ನ ಹಳೆಯ ವಿದ್ಯಾರ್ಥಿ. ಪಕ್ಕದಲ್ಲಿ ನಿಂತು ನಗುತ್ತಿದ್ದ.

"ಚಾಚಾ, ನಿನ್ನ ಕಿವಿ ಸುದ್ದಿ ದಿಲ್ಲಿ ರೇಡಿಯೋದಾಗ ಬರಲಿ. ಮರುದಿನಾನ ಎಲ್ಲಾರನೂ ಚಿಕ್ಕೋಡಿ ಡಾಕ್ಟರ್ ಕಡೆ ಕರಕೊಂಡ ಹೋಗ್ತೇನಿ."

"ಮಾಸ್ತರ ಕೇಳ್ಯಾರ ನೋಡಪಾ" ಎಂದರು ಚಾಚಾ.

"ಕೇಳಲಿ ಬಿಡು. ಮಾಸ್ತರಗ ನಾ ಯಾವತ್ತ ಸುಳ್ಳ ಹೇಳೇನಿ?"

ಎಂಟನೆಯ ಇಯತ್ತೆಯಲ್ಲಿ ದಿನಾ ಹೇಳುತ್ತಿದ್ದ. ಆ ಮಾತು ಬಿಡಿ.

ಪ್ರಸಾರ ಬುಧವಾರವೆಂದು ದಿಲ್ಲಿಯಿಂದ ಫೋನು ಬಂತು. ಎಷ್ಟು ಹೊತ್ತಿಗೆ ಎಂದು ಕೇಳಿದೆ. "ದಿನದಲ್ಲಿ ಯಾವಾಗಲಾದರೂ" ಎಂದರು. ದೇಶಕ್ಕೆಲ್ಲ ಗಂಟೆ ಹೇಳುವವರಿಗೆ ತಮ್ಮದೇ ಗಂಟೆ ಗೊತ್ತಿಲ್ಲ. ಚಾಚಾಗೆ ಕೇಳಿಸದು, ಅವರ ಮಗ ಪಾಳಿಯಲ್ಲಿರುತ್ತಾನೆ. ಕೇಳಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಆರಕ್ಕೆ ಒಬ್ಬರು ಶಿಸ್ತಿನ ಬಗ್ಗೆ ಚಿಂತನ ಹೇಳಿದರು. ಎರಡು ನಿಮಿಷ ತಡವಾಗಿ ಶುರು ಮಾಡಿದ್ದರು. ಆಮೇಲೆ ಡಾಕ್ಟರರೊಬ್ಬರು ಐದು ಪತ್ರಗಳಿಗೆ ಉತ್ತರ ಕೊಟ್ಟರು. ಐದಕ್ಕೂ ಬಿಸಿನೀರೇ ಔಷಧ. ಒಂಬತ್ತೂವರೆಗೆ ಚರ್ಚೆ. ನಾಲ್ವರು ಒಟ್ಟಿಗೆ ಕೂಗಿದರು, ನಡೆಸುವವಳು ನಾಲ್ವರಿಗೂ ಧನ್ಯವಾದ ಹೇಳಿದಳು. ರೈತರ ಕಾರ್ಯಕ್ರಮದಲ್ಲಿ ಸೇಬಿನ ಗಿಡ ಹೇಗೆ ಸವರಬೇಕೆಂದು ವಿವರಿಸಿದರು. ನಮ್ಮ ಸುತ್ತಲಿನ ಭೋಜ, ಬೇಡಕಿಹಾಳ ಊರುಗಳ ಕಬ್ಬಿನವರು ಕೇಳಿದ್ದರೆ ರೇಡಿಯೋ ತಿಪ್ಪೆಗೆ ಒಗೆಯುತ್ತಿದ್ದರು. ಮಕ್ಕಳ ಕಾರ್ಯಕ್ರಮದಲ್ಲಿ ನನ್ನ ಸೊಸೆಯ ವಯಸ್ಸಿನ ಹೆಂಗಸೊಬ್ಬಳು ಮಗುವಿನ ದನಿ ತೆಗೆದು ತೊದಲಿದಳು. ಯಾವ ಮಗುವೂ ಹಾಗೆ ಮಾತಾಡುವುದಿಲ್ಲ. ಮಧ್ಯಾಹ್ನದ ನಾಟಕದಲ್ಲಿ ಎಲ್ಲರೂ ಅತ್ತರು, ಯಾತಕ್ಕೆಂದು ತಿಳಿಯಲಿಲ್ಲ.

ಹೆಂಡತಿ ಊಟದ ತಾಟು ಅಲ್ಲೇ ತಂದಿಟ್ಟಳು. "ಸಾಲ್ಯಾಗ ಹುಡುಗೋರ್ನ ಬಿಸಲಾಗ ನಿಂದರಸ್ತಿದ್ರೆಲ್ಲಾ, ಈಗ ನೀವ ಕುಂದರ್ರಿ" ಎಂದು ಒಳಗೆ ಹೋದಳು.

ನಾಲ್ಕೂ ನಲವತ್ತಕ್ಕೆ ಬಂತು. ಮೊದಲು ಕೊಳಲು. ಅದರ ಹಿಂದೆ ಕಟಕ್, ಕಟಕ್ ಎಂದು ಕೈಮಗ್ಗದ ಸದ್ದು. ಬೋರಗಾಂವದ ಶೆಡ್ಡಿನ ಸದ್ದು ಬೇಡವೆಂದು ನಿಲ್ಲಿಸಿದವರು ಎಲ್ಲಿಂದಲೋ ಬೇರೆ ಸದ್ದು ತಂದು ಹಚ್ಚಿದ್ದರು. "ಹಮಾರೇ ದಾದಾ ಕೇ ಜಮಾನೇ ಸೇ", ನಮ್ಮ ಅಜ್ಜನ ಕಾಲದಿಂದ, ಎಂದು ಚಾಚಾನ ದನಿ ಬಂತು. ಅಷ್ಟರಲ್ಲೇ ಅದನ್ನು ಕೆಳಗೆ ತಳ್ಳಿ ಒಂದು ನಯವಾದ ಹೆಣ್ಣುದನಿ ಎದ್ದಿತು. ಹಿಂದಿಯ ಮೇಲೆ ಹಿಂದಿ! ಮುದುಕನ ಹಿಂದಿ ಇವರ ಕಿವಿಗೆ ಒರಟಾಗಿ ಕೇಳಿಸಿರಬೇಕು. ಈ ಅಜ್ಜನ ಬೆರಳುಗಳಲ್ಲಿ ಪರಂಪರೆ ಹಾಡುತ್ತದೆ, ಇವರು ಮಗ್ಗದ ಸಂಗೀತದಲ್ಲಿ ಮೈಮರೆತವರು ಎಂದಳು. ಕಿವಿಯ ಮಾತು ಒಂದೂ ಇಲ್ಲ. ಮೂರು ನಿಮಿಷಕ್ಕೆ ಮುಗಿಯಿತು. ರೇಡಿಯೋ ಆರಿಸಿ ಎದ್ದೆ.

ಆರಕ್ಕೆ ಪಾಳಿ ಬಿಟ್ಟು ಚಾಚಾ ನೇರ ಬಂದು ನನ್ನ ಮುಂದೆ ಕುಳಿತರು. ಅವರ ಕಣ್ಣು ನನ್ನ ತುಟಿಯ ಮೇಲಿತ್ತು. ಹಾಗೆ ನೋಡುವವರ ಮುಂದೆ ಮಾತು ತೇಲಿಸಲು ಬರುವುದಿಲ್ಲ.

"ಕಿವಿ ಮಾತ ಬರಲಿಲ್ಲ ಚಾಚಾ."

"ಅರ್ಧಾನೂ?"

"ಒಂದೂ ಇಲ್ಲ. ಕೊಳಲ ಊದ್ಯಾರ. ಕೈಮಗ್ಗ ಬಡದಾರ."

"ಕೈಮಗ್ಗ?" ಚಾಚಾ ನಕ್ಕರು. "ಅದರ ಮ್ಯಾಲ ನಾ ಒಂದ ದಿನಾ ಕುಂತಿಲ್ರಿ." ಆಮೇಲೆ ನಗು ಹೋಯಿತು. "ಮಾಲಕಗ ಬೇಕಾಗಿದ್ದು ಇದ ನೋಡ್ರಿ. ನನ್ನ ಹುಡುಗಗ ಏನ ಹೇಳ್ಲಿ?"

ಮರುದಿನ ಎಂಟಕ್ಕೆ ಶೆಡ್ಡಿಗೆ ಹೋದೆ. ಮಾಲಕ ಪೇಢೆಯ ಡಬ್ಬಿ ಚಾಚಿದ. ಊರ ಹೆಸರು ದಿಲ್ಲಿಯಿಂದ ಬಂದ ಖುಷಿಯಂತೆ. ಮುಟ್ಟಲಿಲ್ಲ. ಮಗ್ಗ ನಿಲ್ಲಿಸು ಎಂದೆ. ಕಿವಿಗೆ ಕೈ ಹಚ್ಚಿ, ಏನೂ ಕೇಳಿಸುತ್ತಿಲ್ಲವೆಂದು ನಟಿಸಿದ. ಮೈದಾನದ ದನಿಯಲ್ಲಿ ಇನ್ನೊಮ್ಮೆ ಕೂಗಿದೆ. ಹಳೆಯ ಅಭ್ಯಾಸ, ಅವನ ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು. ನೇಯುತ್ತಿದ್ದವರೆಲ್ಲ ತಿರುಗಿ ನೋಡಿದರು.

"ದಿಲ್ಲಿಯವರು ಕತ್ತರಿಸಿದ್ದನ್ನ ನಾ ಹೇಳ್ತೇನಿ, ನಿಂತ ಕೇಳು" ಎಂದು ಚಾಚಾ ಅಂದು ಹೇಳಿದ್ದಷ್ಟನ್ನೂ ಮೊದಲಿಂದ ಕೊನೆಯವರೆಗೆ ಹೇಳಿದೆ. ಚಾಚಾ ನನ್ನ ಬಾಯಿ ನೋಡುತ್ತಾ, ಬಿಟ್ಟುಹೋದಲ್ಲಿ ಸೇರಿಸಿದರು. ಮಗ ನೆಲ ನೋಡುತ್ತಿದ್ದ.

ಮಾಲಕ ಡಬ್ಬಿಯ ಮುಚ್ಚಳ ಹಾಕಿದ. "ಹತ್ತಿ ತರಸ್ತೇನ್ರಿ ಸರ್, ಕಿವ್ಯಾಗ ಇಟಗೊಳ್ಳಾಕ."

"ಹತ್ತಿ ಬ್ಯಾಡ. ಬಿರಡೆ. ಮತ್ತ ಚಿಕ್ಕೋಡಿ."

"ಆತ್ರಿ. ಸೋಮವಾರ ಹೋಗೋಣ."

ಯಾವ ಸೋಮವಾರ, ಎಷ್ಟು ಹೊತ್ತಿಗೆ ಎಂದು ಕೇಳಿದೆ. ತಾರೀಖು, ಗಂಟೆ ಎರಡೂ ಅವನ ಬಾಯಿಂದ ಬರುವವರೆಗೆ ಮಗ್ಗ ಹಚ್ಚಲು ಬಿಡಲಿಲ್ಲ.