ಐಸಿನ ಖಾನೆ

ಔಷಧ ಅಂಗಡಿಗಳ ತಪಾಸಣೆಗೆ ಹಾವೇರಿಯಿಂದ ಬ್ಯಾಡಗಿಗೆ ಬರುತ್ತಿದ್ದ ಆ ಅಧಿಕಾರಿ ಯಾರ ಬಾಯಿಮಾತನ್ನೂ ನಂಬುತ್ತಿರಲಿಲ್ಲ. ಬಳೆ ಮೇಲಕ್ಕೆ ಸರಿಸಿ, “ಮುಟ್ಟಿ ನೋಡೂಣ್ರಿ” ಎನ್ನುತ್ತಿದ್ದರು. ನನ್ನ ಹೊಲಿಗೆ ಅಂಗಡಿಯ ಪಕ್ಕದ ಮೆಡಿಕಲ್‌ಗೆ ಅವರು ಬಂದರೆ ಸಾಕು, ಮಷಿನ್ ನಿಲ್ಲಿಸಿ ನೋಡಲು ಓಡುತ್ತಿದ್ದೆ.

ಅವತ್ತು ಅವರು ಫ್ರಿಜ್ ತೆರೆದಾಗ ಇನ್ಸುಲಿನ್ ಬಾಟಲಿಗಳೆಲ್ಲ ಮೇಲಿನ ಐಸಿನ ಖಾನೆಯಲ್ಲಿದ್ದವು. ಮುಟ್ಟಿದರು. ಕಲ್ಲಿನಂತಾಗಿದ್ದವು.

“ಇಲ್ಯಾಕ ಇಟ್ಟೀರಿ?”

ಮೊದಲು ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದ ಮಾಲೀಕರು ಹೆಮ್ಮೆಯಿಂದಲೇ ಹೇಳಿದರು: “ತಂಪು ಇದ್ದಷ್ಟೂ ಮಾಲು ಕೆಡೂದಿಲ್ರಿ. ಕೋಲ್ಡ್ ಸ್ಟೋರೇಜಿನ್ಯಾಗ ಮೆಣಸಿನಕಾಯಿ ಬಣ್ಣ ಹೋಗತೈತೇನ್ರಿ?”

“ಇದು ಮೆಣಸಿನಕಾಯಿ ಅಲ್ರಿ. ಒಮ್ಮೆ ಐಸ್ ಆತಂದ್ರ ಇದರ ಶಕ್ತಿ ಹೋತು.”

ನಾನು ಫ್ರಿಜ್ ಹತ್ತಿರ ಹೋದೆ. “ಮೇಡಂ, ನಮ್ಮವ್ವಗ ಇನ್ಸುಲಿನ್ ಇಲ್ಲಿಂದನ ಒಯ್ತೇವ್ರಿ. ಎಷ್ಟು ಸೂಜಿ ಮಾಡಿದ್ರೂ ಶುಗರ್ ಇಳಿವಲ್ದು. ಕದ್ದು ಬೆಲ್ಲ ತಿಂತಾಳಂತ ನಮ್ಮಣ್ಣ ಡಬ್ಬಿಗೆ ಕೀಲಿ ಹಾಕ್ಯಾನ್ರಿ.”

ಬಾಟಲಿಗಳನ್ನು ಚೀಲಕ್ಕೆ ತುಂಬುತ್ತಿದ್ದ ಅಧಿಕಾರಿ ನನ್ನ ಕಡೆ ತಿರುಗಿದರು.

“ಬ್ಯಾರೆ ಕಡೆ ಇನ್ಸುಲಿನ್ ತಗೋರಿ, ಎಷ್ಟು ಕೊಡಬೇಕಂತ ಡಾಕ್ಟರ್ನ ಕೇಳ್ರಿ. ಅದಕ್ಕೂ ಮೊದ್ಲ ಲಗೂ ಮನಿಗೆ ಹೋಗಿ, ಆ ಕೀಲಿ ಅವ್ವನ ಕೈಯಾಗ ಕೊಡ್ರಿ.”