ಮುಚ್ಚಳ ಓದುವ ಗೌರಮ್ಮ

ಅಥವಾ ಅದು ಒಣಮೆಣಸಿನಕಾಯಿ ಆಗಿರಲೇ ಇಲ್ಲವೇನೋ. ಕಣ್ಣು ಮುಚ್ಚಿದರೆ ನನಗೆ ಕಾಣುವುದು ತೊಟ್ಟು ಮುರಿದ, ಸುಕ್ಕುಗಟ್ಟಿದ, ಕೆಂಪು ಮೆಣಸಿನಕಾಯಿಯೇ. ಜೋಳ ತುಂಬಿದ ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಅದು ಕೂತಿತ್ತು, ಕೊಡಿಗೇಹಳ್ಳಿಯ ನಮ್ಮ ಬಾಡಿಗೆ ಮನೆಯ ಮೆಟ್ಟಿಲಿಳಿಯುವಾಗ ನಾನು ಅದನ್ನು ಕಸವೆಂದು ಬೆರಳಿನಿಂದ ಚಿಮ್ಮಿ ಚರಂಡಿಗೆ ಹಾರಿಸಿದೆ. ಆದರೆ ಆ ದಿನದ ನನ್ನ ಟಿಪ್ಪಣಿ ಪುಸ್ತಕದಲ್ಲಿ, ನನ್ನದೇ ಕೈಬರಹದಲ್ಲಿ, ‘ಹುಣಸೆಬೀಜ’ ಎಂದಿದೆ. ಅವ್ವನನ್ನು ಕೇಳಿದರೆ, “ನಾ ಯಾವತ್ತರ ಮೆಣಸಿನಕಾಯಿ ಇಟ್ಟೇನೇನ? ನೀ ಕನಸ ಕಂಡಿರಬೇಕ” ಎನ್ನುತ್ತಾಳೆ. ಇಬ್ಬರು ಸಾಕ್ಷಿಗಳು ಒಂದು ಕಡೆ, ನನ್ನ ಕಣ್ಣೊಂದು ಕಡೆ. ಆದ್ದರಿಂದ ಗೆಳೆಯರೇ, ಹುಣಸೆಬೀಜವೆಂದೇ ಇಟ್ಟುಕೊಳ್ಳಿ. ಮೆಣಸಿನಕಾಯಿ ನನ್ನೊಬ್ಬಳಿಗೆ ಇರಲಿ.

ಇಷ್ಟು ಸಣ್ಣ ವಿಷಯದಲ್ಲಿ ಇಷ್ಟು ಜಾಗರೂಕಳಾಗಿರುವುದಕ್ಕೆ ಕಾರಣವಿದೆ. ನಾನು ಓದಿದ್ದು ಮಾಹಿತಿ ಮತ್ತು ಸಂವಹನ. ಸೋಲದೇವನಹಳ್ಳಿಯ ಆಚೆ, ನೀಲಗಿರಿ ಮರಗಳ ನಡುವಿನ ಒಂದು ವಿಶ್ವವಿದ್ಯಾಲಯದಲ್ಲಿ, ಸ್ನಾತಕೋತ್ತರ ಪದವಿಗೆ. ಕೊನೆಯ ವರ್ಷ ಎಲ್ಲರೂ ಒಂದು ಕಿರುಪ್ರಬಂಧ ಬರೆಯಬೇಕು. ಮೊದಲ ಸಲ ನಾನು ಬರೆದದ್ದನ್ನು ಬರೆದದ್ದು ಎನ್ನುವುದು ತಪ್ಪಾಗುತ್ತದೆ. ಅಲ್ಲೊಂದು ಪ್ಯಾರಾ, ಇಲ್ಲೊಂದು ಪುಟ ಎಂದು ಜಾಲದಿಂದ ಕತ್ತರಿಸಿ ತಂದು, ಹೊಲಿಗೆ ಕಾಣದ ಹಾಗೆ ಹೊಲಿದಿದ್ದೆ. ಕಳವು ಹಿಡಿಯುವ ತಂತ್ರಾಂಶಕ್ಕೆ ಹೊಲಿಗೆ ಕಂಡಿತು. ಪ್ರಬಂಧ ತಿರಸ್ಕೃತವಾಯಿತು. ಜೊತೆಯವರೆಲ್ಲ ಕಪ್ಪು ಗೌನು ತೊಟ್ಟು ಫೋಟೋ ತೆಗೆಸಿಕೊಂಡು ಹೋದರು. ನಾನು ಹಿಂದಿನಿಂದ ಬಂದ ತಂಡದ ಜೊತೆ ಕೊನೆಯ ಬೆಂಚಿನಲ್ಲಿ ಕೂತೆ. ನಿಯಮದ ಪ್ರಕಾರ ನನಗೆ ಉಳಿದದ್ದು ಇನ್ನೊಂದೇ ಅವಕಾಶ. ಅದೂ ಹೋದರೆ ಪದವಿಯೇ ಇಲ್ಲ.

ಈ ಸಲ ಮರ್ಯಾದೆಯಿಂದ ಒಂದು ವಿಷಯ ಆರಿಸಿಕೊಂಡೆ: ಮೊಬೈಲ್ ಬಳಸದವರು ನಗರದಲ್ಲಿ ಸುದ್ದಿಯನ್ನು ಹೇಗೆ ಕಳಿಸುತ್ತಾರೆ, ಹೇಗೆ ಪಡೆಯುತ್ತಾರೆ? ಪ್ರಶ್ನೆಗಳ ಫಾರಂ ತಯಾರಿಸಿದೆ. ಹೊಸ ಸಹಪಾಠಿ ಚೇತನ್ ಅದನ್ನು ಎಲ್ಲ ಕಡೆ ಹರಡುವುದಾಗಿ ಮಾತು ಕೊಟ್ಟ. ಚೇತನ್ ಅಲ್ಲಾಳಸಂದ್ರದವನು, ಅವನ ತಾತ ರಾಗಿ ಬಿತ್ತುತ್ತಿದ್ದ ಹೊಲದಲ್ಲಿ ಈಗ ಅವನಪ್ಪ ಕಟ್ಟಿಸಿದ ಅಪಾರ್ಟ್‌ಮೆಂಟು ಬೆಳೆದಿದೆ. ಕೆರೆ ಸುತ್ತ ವಾಕಿಂಗ್ ಮಾಡುವವರ ಗುಂಪು, ಅಪಾರ್ಟ್‌ಮೆಂಟಿನವರ ಗುಂಪು, ಭಜನೆಯವರ ಗುಂಪು, ಎಲ್ಲಕ್ಕೂ ನನ್ನ ಫಾರಂ ವಾಟ್ಸಾಪಿನಲ್ಲಿ ಹೋಯಿತು. ಎರಡೇ ದಿನದಲ್ಲಿ ಉತ್ತರಗಳು ತುಂಬಿ ಬಂದವು. “ಅಕ್ಕ, ಸೂಪರ್ ಹಿಟ್ ಕಣಕ್ಕ!” ಎಂದ ಚೇತನ್. ನಾನು ಬಣ್ಣಬಣ್ಣದ ನಕ್ಷೆಗಳನ್ನು ಮಾಡಿ, ನಮ್ಮ ಮಾರ್ಗದರ್ಶಕಿ ವಸಂತಾ ಮೇಡಂ ಮುಂದೆ ಹರಡಿದೆ. ಮೇಡಂ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಬಹಳ ಮೆದುವಾಗಿ ಕೇಳಿದರು:

“ಮೊಬೈಲ್ ಇಲ್ಲದೋರು ಈ ಫಾರಮ್ಮನ್ನ ಯಾವುದರಲ್ಲಿ ತುಂಬಿದ್ರಮ್ಮ?”

ಗೆಳೆಯರೇ, ನಾಚಿಕೆಗೂ ಒಂದು ಸದ್ದಿದೆ. ಅಂದು ನಾನು ಅದನ್ನು ಕೇಳಿದೆ. ಸಂವಹನವನ್ನು ಎರಡು ವರ್ಷ, ಬೇಡ, ಮೂರು ವರ್ಷ ಓದಿದವಳು, ಫೋನಿಲ್ಲದವರನ್ನು ಫೋನಿನೊಳಗೆ ಹುಡುಕಿದ್ದೆ. ನಮ್ಮ ಕಾಲದ ವಿದ್ಯಾವಂತರು ಮಾತ್ರ ಮಾಡಬಲ್ಲ ತಪ್ಪು ಅದು. ನಮಗೆ ಪರದೆಯ ಮೇಲೆ ಕಾಣದವರು ಇಲ್ಲ ಎಂದಲ್ಲ, ಅವರು ಇದ್ದಾರೆಂಬ ಅನುಮಾನವೇ ನಮಗೆ ಬರುವುದಿಲ್ಲ. ಪ್ರಬಂಧ ಒಪ್ಪಿಸಲು ಆಗ ಒಂದು ತಿಂಗಳು ಉಳಿದಿತ್ತು.

ಅದರ ಮರುದಿನವೇ ಅವ್ವ ಡಬ್ಬಿ ಕೈಗಿತ್ತದ್ದು. (ಮರುದಿನವೇ ಎಂದು ಬರೆದ ಕೂಡಲೇ ಕಥೆ ಎಷ್ಟು ಅಚ್ಚುಕಟ್ಟಾಯಿತು ನೋಡಿ, ನಡುವೆ ನಾಲ್ಕೈದು ದಿನ ನಾನು ಗೋಡೆ ನೋಡುತ್ತ ಮಲಗಿದ್ದಿರಲೂಬಹುದು.) ಗದಗಿನ ಕಡೆಯಿಂದ ಬಂದ ನಮಗೆ ಜೋಳದ ರೊಟ್ಟಿ ಇಲ್ಲದೆ ವಾರ ಕಳೆಯುವುದಿಲ್ಲ. ಹಳೇ ಊರಿನ ಗಲ್ಲಿಯಲ್ಲಿ ಗೌರಮ್ಮನವರ ಹಿಟ್ಟಿನ ಮಿಲ್ಲಿದೆ. ಗಾರ್ಮೆಂಟ್ಸಿಗೆ, ಮನೆಗೆಲಸಕ್ಕೆ ಹೋಗುವ ಹೆಂಗಸರು ಮಿಲ್ಲು ತೆರೆಯುವ ಮೊದಲೇ ಡಬ್ಬಿಗಳನ್ನು ಮುಂದಿನ ಕಲ್ಲುಚಪ್ಪಡಿಯ ಮೇಲೆ ಸಾಲಾಗಿ ಇಟ್ಟು ಹೋಗುತ್ತಾರೆ, ಸಂಜೆ ಒಯ್ಯುತ್ತಾರೆ. ನಾನೂ ಇಟ್ಟು ಹೋದೆ. ಸಂಜೆ ಬಂದರೆ ಎಲ್ಲರ ಹಿಟ್ಟೂ ಆಗಿತ್ತು, ನಮ್ಮ ಜೋಳ ಹಾಗೇ ಇತ್ತು.

“ನಿಮ್ಮಮ್ಮ ಏನೂ ಏಳೇ ಇಲ್ವಲ್ಲ ಕಣಮ್ಮ. ಮುಚ್ಚಳ ಬರಿದು. ನಾನೆಂಗೆ ಬೀಸ್ಲಿ?” ಎಂದರು ಗೌರಮ್ಮ, ಹುಬ್ಬಿನ ಹಿಟ್ಟು ಒರೆಸಿಕೊಳ್ಳುತ್ತ.

ಬೆಳಿಗ್ಗೆ ನಾನೇ ಕಸವೆಂದು ಚಿಮ್ಮಿ ಬರಿದು ಮಾಡಿದ ಮುಚ್ಚಳ! ಆಗ ತಲೆಯೆತ್ತಿ ಸಾಲನ್ನು ನೋಡಿದೆ. ಇಷ್ಟು ವರ್ಷ ಇದರ ಪಕ್ಕದಲ್ಲೇ ಓಡಾಡಿದವಳು ಮೊದಲ ಸಲ ನೋಡಿದೆ. ಉಳಿದ ಪ್ರತಿ ಮುಚ್ಚಳದ ಮೇಲೂ ಏನೋ ಒಂದು ಇತ್ತು, ಗೌರಮ್ಮ ಒಂದೊಂದರ ಅರ್ಥ ಹೇಳಿದರು. ಹುಣಸೆಬೀಜ ಇದ್ದರೆ ನುಣ್ಣಗೆ ಬೀಸಬೇಕು. ಸಣ್ಣ ಕಲ್ಲು ಇದ್ದರೆ ತರಿತರಿಯಾಗಿ. ವೀಳ್ಯದೆಲೆ ಇದ್ದರೆ ಮನೆಯಲ್ಲಿ ಶುಭಕಾರ್ಯ, ಮೊದಲು ನಮ್ಮದು. ಬೇವಿನ ಎಸಳು ಇದ್ದರೆ ಮನೆಯಲ್ಲಿ ಯಾರಿಗೋ ಅಮ್ಮ ಬಂದಿದೆ, ಡಬ್ಬಿ ದೂರ ಇಡಿ, ಕೊನೆಯಲ್ಲಿ ಬೀಸಿ. ಆ ಗಲ್ಲಿಯಲ್ಲಿ ತಮಿಳು, ತೆಲುಗು, ಉರ್ದು, ನಮ್ಮಂಥವರ ಉತ್ತರ ಕರ್ನಾಟಕದ ಕನ್ನಡ, ಎಲ್ಲವೂ ಇತ್ತು. ಗೌರಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಚೀಟಿ ಬರೆದಿಟ್ಟರೆ ಓದುವವರಿಲ್ಲ, ಕೂಗಿ ಹೇಳಿದರೆ ಮೋಟಾರಿನ ಸದ್ದಿನಲ್ಲಿ ಕೇಳುವುದಿಲ್ಲ.

“ಫೋನ್ ಇಟ್ಕೊಬಾರ್ದಾ?” ಎಂದೆ.

“ಎರಡು ಇಟ್ಕೊಂಡಿದ್ದೆ. ಎರಡೂ ಹಿಟ್ಟು ತಿಂದು ಸತ್ತೋದ್ವು.”

ಮೂರು ವಾರ ನಾನು ಆ ಚಪ್ಪಡಿ ಬಿಟ್ಟು ಕದಲಲಿಲ್ಲ. ತರಗತಿಯಲ್ಲಿ ಕರಿಹಲಗೆಯ ಮೇಲೆ ನಾವು ಬರೆಯುತ್ತಿದ್ದ ಚೌಕಗಳು, ಬಾಣಗಳು, ಕಳಿಸುವವರು, ಸಂದೇಶ, ಗದ್ದಲ, ಪಡೆಯುವವರು, ಎಲ್ಲ ಹಿಟ್ಟು ಮೆತ್ತಿಕೊಂಡು ನನ್ನ ಮುಂದೆ ಓಡಾಡಿದವು. ಉತ್ಸಾಹದಲ್ಲಿ ಎಡವಿದ್ದೂ ಉಂಟು. ಒಂದು ಡಬ್ಬಿಯ ಮೇಲೆ ಇದ್ದಿಲು ಕಂಡು, ಸೂತಕದ ಸಂಕೇತವೆಂದು ಒಂದೂವರೆ ಪುಟ ಬರೆದೆ. ಓದಿ ಹೇಳಿದಾಗ ಗೌರಮ್ಮ ಕೆಮ್ಮು ಬರುವಷ್ಟು ನಕ್ಕರು. “ಅದು ದೃಷ್ಟಿಗೆ ಇಟ್ಟಿರೋದು ಕಣೇ ತಾಯಿ! ಬದುಕಿರೋರ್ನ ಯಾಕೆ ಸಾಯಿಸ್ತೀಯ?” ಒಂದೂವರೆ ಪುಟ ಹರಿದೆ. ಜಾಲದಿಂದ ಎತ್ತಿದ ಪುಟವನ್ನು ಹಾಗೆ ಯಾರೂ ನಕ್ಕು ಹರಿಸಿರಲಿಲ್ಲ. ಆ ನಗು ನನಗೆ ಸಿಕ್ಕ ಮೊದಲ ನಿಜವಾದ ತಿದ್ದುಪಡಿ.

ವೈವಾ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಿರಿಯರು, ಗಂಭೀರರು. ನನ್ನ ಹಳೆಯ ಕಡತ ಅವರ ಮುಂದಿತ್ತು. ನಾನು ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಕೇಳಿದರು: “ಇದನ್ನ ಎಲ್ಲಿಂದ ಎತ್ತಿದ್ದು?”

“ಹುಡುಕಿ ನೋಡಿ ಸರ್.”

ಅವರು ನಿಜವಾಗಿಯೂ ಹುಡುಕಿದರು. ಅಲ್ಲೇ, ತಮ್ಮ ಫೋನಿನಲ್ಲಿ, ಒಂದಲ್ಲ, ನಾಲ್ಕು ಬಗೆಯಲ್ಲಿ. ಏನೂ ಸಿಗಲಿಲ್ಲ. ಎಲ್ಲವನ್ನೂ ನುಂಗಿ ಕೂತಿರುವ ಆ ಜಾಲಕ್ಕೆ ಕೊಡಿಗೇಹಳ್ಳಿಯ ಒಂದು ಹುಣಸೆಬೀಜದ ಸುದ್ದಿ ಮುಟ್ಟಿರಲಿಲ್ಲ! ನನ್ನೆದೆ ಹಿಗ್ಗಿದ್ದು ಒಂದೇ ಕ್ಷಣ, ಅವರು ಫೋನ್ ಕೆಳಗಿಟ್ಟು, “ಸಿಗಲಿಲ್ಲ ಅಂದ್ರೆ ನೀನೇ ಕಟ್ಟಿದ ಕಥೆಯೂ ಆಗಿರಬಹುದಲ್ಲ?” ಎಂದರು. ಅದು ನ್ಯಾಯವಾದ ಅನುಮಾನ. ಕದ್ದವಳು ಕಟ್ಟಲಾರಳೆಂದು ಯಾವ ನಿಯಮ? ಆಗ ವಸಂತಾ ಮೇಡಂ ಎದ್ದು, “ಮಿಲ್ಲು ಇಲ್ಲೇ ಕೊಡಿಗೇಹಳ್ಳಿಯಲ್ಲಿದೆ ಸರ್, ಹೋಗೋಣ” ಎಂದುಬಿಟ್ಟರು.

ಚೇತನ್ ಕಾರು ಓಡಿಸಿದ. ಎಂ.ಎಸ್. ಪಾಳ್ಯದ ಸಿಗ್ನಲ್ಲಿನಲ್ಲಿ ನಿಂತಾಗ ನನ್ನ ಪದವಿ ಹಿಂದಿನ ಸೀಟಿನಲ್ಲಿ ಪರೀಕ್ಷಕರ ಪಕ್ಕ ಬೆಲ್ಟು ಹಾಕಿಕೊಂಡು ಕೂತಂತಿತ್ತು. ಮಿಲ್ಲಿನ ಮುಂದೆ ಇಳಿದಾಗ ಗೌರಮ್ಮ ಬೆನ್ನು ತಿರುಗಿಸಿ ರಾಗಿ ಸುರಿಯುತ್ತಿದ್ದರು. ಮೋಟಾರಿನ ಸದ್ದಿಗೆ ನಾವು ಬಂದದ್ದು ಕೇಳಿಸಿರಲಾರದು. ಪರೀಕ್ಷಕರು ತುಟಿಯ ಮೇಲೆ ಬೆರಳಿಟ್ಟು ನಮ್ಮನ್ನು ಸುಮ್ಮನಿರಿಸಿ, ಒಂದು ಡಬ್ಬಿಯ ಮೇಲಿನ ಹುಣಸೆಬೀಜವನ್ನು ಪಕ್ಕದ ಡಬ್ಬಿಗೂ, ಅದರ ಮೇಲಿನ ಕಲ್ಲನ್ನು ಇದಕ್ಕೂ ಅದಲುಬದಲು ಮಾಡಿದರು. ಈ ಪರೀಕ್ಷೆಯನ್ನು ನಾನು ಕನಸಿನಲ್ಲೂ ಊಹಿಸಿರಲಿಲ್ಲ. ಗೌರಮ್ಮ ಕಲ್ಲು ನೋಡಿ ಸುಮ್ಮನೆ ತರಿ ಬೀಸಿದರೆ ಸಂಕೇತವೇನೋ ನಿಜವೆನಿಸುತ್ತದೆ, ಆದರೆ ಯಾರದೋ ಮನೆಯ ಹಿಟ್ಟು ಕೆಡುತ್ತದೆ. ಮುಚ್ಚಳ ನೋಡದೆಯೇ ಬೀಸಿದರೆ ನಾನು ಕೆಡುತ್ತೇನೆ.

ಗೌರಮ್ಮ ತಿರುಗಿದರು. ಡಬ್ಬಿ ಎತ್ತಿಕೊಂಡರು. ಮುಚ್ಚಳ ನೋಡಿದರು, ತೆರೆದು ಗೋಧಿ ನೋಡಿದರು, ಮತ್ತೆ ಮುಚ್ಚಳ ನೋಡಿದರು. ಪಕ್ಕದ ಡಬ್ಬಿಯ ಅಕ್ಕಿಯನ್ನೂ ನೋಡಿದರು. ಆಮೇಲೆ ಮೋಟಾರು ನಿಲ್ಲಿಸಿದರು.

“ಯಾರ್ರೀ ಮುಟ್ಟಿದ್ದು ಡಬ್ಬೀನ?”

ಪರೀಕ್ಷಕರು ಬಾಯಿ ತೆರೆಯುವ ಮೊದಲೇ ಬೆರಳಿಗೆ ಅಂಟಿದ ಹಿಟ್ಟು ಅವರನ್ನು ಹಿಡಿದುಕೊಟ್ಟಿತು.

“ಸಾವಿತ್ರಮ್ಮನ ಮನೇಲಿ ದಿನಾ ಚಪಾತಿ, ಯಜಮಾನರಿಗೆ ಶುಗರ್ರು. ಅವರು ಯಾವತ್ತಾದ್ರೂ ಗೋಧಿ ತರಿ ಮಾಡ್ಸವ್ರಾ? ಈ ಅಕ್ಕಿ ಉಪ್ಪಿಟ್ಟಿಗೆ, ಅದ್ನ ನುಣ್ಣಗೆ ಬೀಸಿ ಏನ್ ಅಂಟು ಮಾಡ್ಲಾ? ವಯಸ್ಸಾಗೈತೆ, ಇನ್‌ಶರ್ಟ್ ಮಾಡಿದೀರ, ಒಬ್ಬರ ಮನೆ ಮಾತು ತಗೊಂಡೋಗಿ ಇನ್ನೊಬ್ಬರ ಮನೆ ಮೇಲೆ ಇಡ್ತೀರಲ್ಲ, ನಾಚ್ಕೆ ಆಗಲ್ವಾ?”

“ಮುಗೀತು ಗುರು,” ಎಂದು ಚೇತನ್ ನನ್ನ ಬೆನ್ನ ಹಿಂದೆ ಪಿಸುಗುಟ್ಟಿದ. ಮುಗಿದಿರಲಿಲ್ಲ. ಪರೀಕ್ಷಕರು ಕೈ ಮುಗಿದು, “ತಪ್ಪಾಯ್ತು ತಾಯಿ” ಎಂದರು, ಆಮೇಲೆ ಮುಖವೆಲ್ಲ ಅರಳಿ ನನ್ನ ಕಡೆ ತಿರುಗಿ, “ತಪ್ಪನ್ನ ತಾನೇ ಹಿಡಿಯೋ ಭಾಷೆ ಕಣಮ್ಮ ಇದು! ಇದನ್ನ ನೀನು ಯಾಕೆ ಬರೆದಿಲ್ಲ?” ಎಂದು ಗದರಿದರು. ಬೀಜ ಒಂದೇ ಮಾತಾಡುತ್ತಿರಲಿಲ್ಲ, ನೋಡಿ. ಡಬ್ಬಿ, ಕಾಳು, ಮನೆ, ಆ ಮನೆಯವರ ಕಾಯಿಲೆ, ಎಲ್ಲವೂ ಸೇರಿ ಒಂದು ವಾಕ್ಯವಾಗುತ್ತಿತ್ತು. ಒಂದು ಪದ ಜಾಗ ತಪ್ಪಿದರೆ ಉಳಿದವು ಕೂಗಿ ಹೇಳುತ್ತಿದ್ದವು. ನಾನು ಮೂರು ವಾರ ನೋಡಿಯೂ ಪದಕೋಶವನ್ನಷ್ಟೇ ಬರೆದಿದ್ದೆ. ಗೌರಮ್ಮ ಎರಡು ನಿಮಿಷದಲ್ಲಿ ವ್ಯಾಕರಣ ತೋರಿಸಿದರು. ಕಲ್ಲುಚಪ್ಪಡಿಯ ಮೇಲೆ ಕಾಗದವಿಟ್ಟು ಪರೀಕ್ಷಕರು ಸಹಿ ಹಾಕಿದರು. ನಾನು ಪಾಸಾದೆ. ನಡುಬೀದಿಯಲ್ಲಿ ಕೂಗಿದೆ. ಗೌರಮ್ಮನವರನ್ನು ಅಪ್ಪಿಕೊಂಡು ಕಪ್ಪು ಗೌನಿನ ಬದಲು ಬಿಳಿ ಹಿಟ್ಟು ತೊಟ್ಟು ಮನೆಗೆ ಹೋದೆ. ಅವ್ವ ಹೊಸಿಲಲ್ಲೇ ನಿಲ್ಲಿಸಿ, ಮೊದಲು ಹಿಟ್ಟು ಝಾಡಿಸಿ, ಆಮೇಲೆ ಅತ್ತಳು.

ಇದಿಷ್ಟರಲ್ಲಿ ಒಂದು ವಿಷಯ ಬಗೆಹರಿದಿಲ್ಲ. ಮಿಲ್ಲಿನ ಒಳಗೋಡೆಗೆ ಒಂದು ಹಳೆಯ ಕನ್ನಡಿ ತೂಗುಹಾಕಿದೆ ಎಂಬುದು ನನ್ನ ಕಣ್ಣಿಗೆ ಬಿದ್ದದ್ದು ಪದವಿ ಪಡೆದು ತಿಂಗಳಾದ ಮೇಲೆ. ಬೆನ್ನು ತಿರುಗಿಸಿ ನಿಂತವರಿಗೆ ಅದರಲ್ಲಿ ಚಪ್ಪಡಿಯ ಮೇಲಿನ ಡಬ್ಬಿಗಳೆಲ್ಲ ಕಾಣುತ್ತವೆ. ಗೌರಮ್ಮನವರನ್ನು ಮೂರು ಸಲ ಕೇಳಿದ್ದೇನೆ. ಮೊದಲ ಸಲ, “ಗೋಧಿ ನೋಡಿದ್ರೆ ಗೊತ್ತಾಗಲ್ವಾ?” ಎಂದರು. ಎರಡನೇ ಸಲ, “ಕನ್ನಡಿ ಯಾಕೆ ಇಟ್ಟಿದೀನಿ ಅಂದ್ಕೊಂಡೆ?” ಎಂದರು. ಮೂರನೇ ಸಲ, “ಪಾಸ್ ಆಯ್ತಲ್ಲ, ಬಿಡಮ್ಮ” ಎಂದು ಮೋಟಾರು ಹಾಕಿದರು. ಅವರು ಅಂದು ಅದಲುಬದಲನ್ನು ಡಬ್ಬಿಗಳಲ್ಲಿ ಓದಿದರೋ, ಕನ್ನಡಿಯಲ್ಲಿ ಕಂಡರೋ, ನನಗೆ ಗೊತ್ತಿಲ್ಲ.